ಪಟ್ಟಿ ಸಾಕು, ಆ ವಾರ್ಡಿನ ಕಥೆ ಬರೆಯಿರಿ

ನಮಸ್ಕಾರ. ಆಸ್ಪತ್ರೆಗೆ ಸೇರಿದ ದೊಡ್ಡವರಿಗೆ ಉಸಿರಾಟದ ವೈರಸ್ ಸೋಂಕು ಯಾಕೆ ತಗಲುತ್ತದೆ ಅಂತ ನೀವು ಕಳಿಸಿದ ಲೇಖನ ಓದಿದೆ. ಮಡಿಕೇರಿಯಲ್ಲಿ ನರ್ಸ್ ಕೆಲಸ ಮಾಡುತ್ತಾ, ನೈಟ್ ಡ್ಯೂಟಿ ಮುಗಿಸಿ ಬಂದು ಬರೆದದ್ದು ಅಂದಿದ್ದೀರಿ. ಖುಷಿಯಾಯ್ತು. ಆದರೆ ಈಗಿರುವ ಹಾಗೆ ಹಾಕೋಕಾಗಲ್ಲ.

ಮೊದಲ ಎರಡು ಪುಟ ಬರೀ ಪಟ್ಟಿ. 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ, ಸಿಒಪಿಡಿ (ಉಸಿರಾಟ ಕಷ್ಟವಾಗಿಸುವ ಶ್ವಾಸಕೋಶದ ದೀರ್ಘ ಕಾಯಿಲೆ), ಕೀಮೋ, ಬೀಡಿ. ಒಂದೂ ತಪ್ಪಲ್ಲ. ಆದರೆ ಸೋಂಕು ಯಾರಿಗೆ ತಗಲುತ್ತದೆ ಅನ್ನುವುದನ್ನೂ, ತಗಲಿದ ಮೇಲೆ ಯಾರಿಗೆ ಜೋರಾಗುತ್ತದೆ ಅನ್ನುವುದನ್ನೂ ಒಂದೇ ಅಂತ ಬರೆದುಬಿಟ್ಟಿದ್ದೀರಿ. ನಿಮ್ಮ ಪಟ್ಟಿಯಲ್ಲಿರುವುದು ಹೆಚ್ಚಾಗಿ ಎರಡನೆಯದು. ಸಕ್ಕರೆ ಕಾಯಿಲೆಯವರಿಗೆ ಫ್ಲೂ ಬಂದರೆ ನ್ಯುಮೋನಿಯಾಕ್ಕೆ ತಿರುಗುವ ಭಯ ಜಾಸ್ತಿ, ಸರಿ. ಆದರೆ ಬರಬೇಕಾದರೆ ಪಕ್ಕದಲ್ಲಿ ಯಾರೋ ಕೆಮ್ಮಿರಬೇಕು, ಇಲ್ಲವೇ ತೊಳೆಯದ ಕೈ ಮುಟ್ಟಿರಬೇಕು, ಅಲ್ವಾ?

ಅದು ನಿಮಗೆ ಗೊತ್ತು. ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಬಂದ ಲೈನ್‌ಮನೆಯ (ತೋಟದ ಕೂಲಿಕಾರರ ಸಾಲುಮನೆ) ಅಜ್ಜ, ಬಂದಾಗ ಕೆಮ್ಮಿರಲಿಲ್ಲ. ಇರಚಲು ಹೊಡೆಯುತ್ತದೆ ಅಂತ ವಾರ್ಡಿನ ಕಿಟಕಿ ಎಲ್ಲಾ ಮುಚ್ಚಿತ್ತು. ನೋಡಲು ಬಂದ ಮೊಮ್ಮಗ ಮೂಗು ಸೋರಿಸಿಕೊಂಡೇ ಹಾಸಿಗೆ ಮೇಲೆ ಹತ್ತಿ ಕೂತಿದ್ದ. ಎಂಟನೇ ದಿನ ಅಜ್ಜನಿಗೆ ಕೆಮ್ಮು, ಟೆಸ್ಟ್ ಮಾಡಿದರೆ ಫ್ಲೂ. ಫ್ಲೂ ತಗಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 1ರಿಂದ 4 ದಿನ ಸಾಕು, ಅಂದ್ರೆ ಅದು ಮನೆಯಿಂದ ತಂದದ್ದಲ್ಲ, ಆಸ್ಪತ್ರೆಯಲ್ಲೇ ಸಿಕ್ಕಿದ್ದು. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ! ಅಜ್ಜನ ಹೆಸರು, ಊರು ಮಾತ್ರ ತೆಗೆಯಿರಿ.

ಮೈ ಬಿಸಿಯಿದ್ದರೂ ಮಾತ್ರೆ ನುಂಗಿ ಡ್ಯೂಟಿಗೆ ಬರ್ತೇವೆ, ರಜೆ ಕೇಳಿದರೆ ಬದಲಿಗೆ ಜನ ಇರಲ್ಲ ಅಂತ ಬ್ರಾಕೆಟ್ಟಿನೊಳಗೆ ಒಂದು ಸಾಲು ಹಾಕಿದ್ದೀರಲ್ಲ, ಅದನ್ನು ಹೊರಗೆ ತಂದು ಒಂದು ಪ್ಯಾರಾ ಮಾಡಿ. ಪುಕ್ಕಟೆ ಸಲಹೆ ಬರೆಯುವವರು ಬಹಳ ಜನ ಇದ್ದಾರೆ, ಇದನ್ನು ಬರೆಯುವವರು ಕಮ್ಮಿ.

ಮಳೆಯಲ್ಲಿ ನೆನೆದರೆ ಫ್ಲೂ ಬರುತ್ತದೆ ಅನ್ನುವ ಸಾಲು ಬೇಡ. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದು ನಿಜ, ಚಳಿಗಾಲದಲ್ಲೂ ಏರುತ್ತದೆ, ಆದರೆ ವೈರಸ್ ಇಲ್ಲದೆ ಬರೀ ನೆನೆದರೆ ಬರಲ್ಲ. ಕೊಡಗಿನ ಔಷಧಿ ಗಿಡ ಮದ್ದು ಸೊಪ್ಪು ತಿಂದವರಿಗೆ ಇದು ತಾಗಲ್ಲ ಅನ್ನುವುದೂ ಬೇಡ. ಕಕ್ಕಡ ಹದಿನೆಂಟಕ್ಕೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ನಮ್ಮನೆಯಲ್ಲೂ ಆ ಸೊಪ್ಪಿನ ಪಾಯಸ ಮಾಡ್ತೇವೆ, ನಾನು ಎರಡು ಬಟ್ಟಲು ತಿಂತೇನೆ, ಹಾಗಂತ ಅದನ್ನು ಫ್ಲೂ ಲಸಿಕೆಯ ಪಕ್ಕ ಕೂರಿಸಬೇಡಿ.

ಎರಡು ವಿಷಯ ಬಿಟ್ಟುಹೋಗಿದೆ. ಬೀಡಿ ಮುಟ್ಟದ ಹೆಂಗಸರಿಗೂ ಸೌದೆ ಒಲೆಯ ಹೊಗೆಯಿಂದ ಸಿಒಪಿಡಿ ಬರುತ್ತದೆ, ಲೈನ್‌ಮನೆ ಬಗ್ಗೆ ಬರೆಯುವಾಗ ಇದು ಬೇಕೇ ಬೇಕು. ಇನ್ನೊಂದು, ಫ್ಲೂ ಬಂದರೂ ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರವೇ ಇರಲ್ಲ. ಸುಮ್ನೆ ಊಟ ಬಿಡ್ತಾರೆ, ಮಂಕಾಗಿ ಮಲಗ್ತಾರೆ. ಫ್ಲೂ ಮಾತ್ರೆ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತದೆ, ಜ್ವರಕ್ಕೆ ಕಾಯುತ್ತಾ ಕೂತರೆ ಆ ಹೊತ್ತು ಹೋಗಿರುತ್ತದೆ.

600 ಪದ ಮೀರದಂತೆ ತಿದ್ದಿ ಕಳಿಸಿ. ಆಸ್ಪತ್ರೆಯ ಹೆಸರು ಎಲ್ಲೂ ಬರಬಾರದು, ನಿಮ್ಮ ಹೆಸರು ಹಾಕಬೇಕೋ ಬೇಡವೋ ಅಂತಲೂ ತಿಳಿಸಿ.