ಹುಚ್ಚು ಪ್ರೀತಿಯ ಹೀರೋ ಇರುವ ಡಾರ್ಕ್ ರೊಮ್ಯಾನ್ಸ್ ಕಾಮಿಕ್ಸ್ ಇಷ್ಟವಾದರೆ ನನ್ನಲ್ಲೇನಾದರೂ ದೋಷ ಇದೆಯಾ?

ಇಲ್ಲಪ್ಪ. ಕುಮಟಾ–ಶಿರಸಿ ಬಸ್ಸು ದೇವಿಮನೆ ಘಟ್ಟ ಹತ್ತುವಾಗ ನಾನೂ ಅದನ್ನೇ ಓದುತ್ತಿರುತ್ತೇನೆ. (ನೆಟ್‌ವರ್ಕ್ ನಂಬಬೇಡಿ, ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.)

ಜಪಾನಿನಲ್ಲಿ ಇಂಥ ಪಾತ್ರಕ್ಕೆ 'ಯಾಂದೆರೆ' ಎನ್ನುತ್ತಾರೆ. 'ಯಾಂದೆರು' ಅಂದರೆ ಕಾಯಿಲೆ ಬಿದ್ದಿರುವುದು, 'ದೆರೆದೆರೆ' ಅಂದರೆ ಪ್ರೀತಿಯಲ್ಲಿ ಕರಗಿಹೋಗುವುದು. ಹೆಸರಲ್ಲೇ ರೋಗ ಇದೆ, ಅಲ್ವಾ?

ನಮ್ಮ ಕಡೆ ಇದು ಹೊಸದೂ ಅಲ್ಲ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಅಂದರೆ ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಸೈರಂಧ್ರಿಯ ಹಿಂದೆ ಕಣ್ಣರಳಿಸಿ ಸುಳಿದರೆ ಚಪ್ಪಾಳೆ. ಅದೇ ಕಣ್ಣು ಶಿರಸಿ ಬಸ್‌ಸ್ಟ್ಯಾಂಡಲ್ಲಿ ಹಿಂದೆ ಬಂದರೆ? ಚಪ್ಪಲಿ!

ವ್ಯತ್ಯಾಸ ಇಷ್ಟೇ: ಕಥೆಯಲ್ಲಿ ಭಯದ ಕೀಲಿ ನಿಮ್ಮ ಕೈಲಿರುತ್ತದೆ. ಎದೆ ಡವಡವ ಎನ್ನುತ್ತದೆ, ಆದರೆ ಜಾಸ್ತಿಯಾಯಿತು ಅನ್ನಿಸಿದರೆ ಸ್ಕ್ರೀನ್ ಆಫ್. ನಿಜವಾದ ಹಿಂಬಾಲಕನಿಗೆ ಆ ಬಟನ್ ಇಲ್ಲ.