ಯುದ್ಧದ ಸುದ್ದಿ ಟಿವಿಯಲ್ಲಿ ವಿಡಿಯೋ ಗೇಮ್ ತರಹ ಕಾಣುವುದು ಯಾಕೆ?

ಮುಖ್ಯ ಕಾರಣ, ಅಂಥ ದೃಶ್ಯ ತೆಗೆದವರು ಪತ್ರಕರ್ತರಲ್ಲ, ಸೇನೆಯವರು. ಅಮೆರಿಕ ಮತ್ತು ಅದರ ಮಿತ್ರರು ಇರಾಕ್ ವಿರುದ್ಧ ನಡೆಸಿದ 1991ರ ಕೊಲ್ಲಿ ಯುದ್ಧ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಜನವರಿ 17ರ ನಸುಕಿನಲ್ಲಿ ಇರಾಕಿನ ರಾಜಧಾನಿ ಬಾಗ್ದಾದ್ ಮೇಲೆ ಬಾಂಬ್ ಬೀಳತೊಡಗಿದಾಗ ಅಮೆರಿಕದ ಸುದ್ದಿ ಚಾನೆಲ್ ಸಿಎನ್‌ಎನ್ ವರದಿಗಾರರು ಅಲ್ಲಿನ ಅಲ್ ರಶೀದ್ ಹೋಟೆಲಿನಿಂದ ನೇರವಾಗಿ ಮಾತಾಡುತ್ತಿದ್ದರು. ಆಮೇಲೆ ಜಗತ್ತು ಜಾಸ್ತಿ ನೋಡಿದ್ದು ಬೇರೆಯದೇ ಚಿತ್ರ. ವಿಮಾನದ ಕ್ಯಾಮೆರಾ, ನಡುವೆ ಗುರಿಯ ಗೆರೆ, ಒಂದು ಕಟ್ಟಡ, ಮರುಕ್ಷಣ ಹೊಗೆ. ಶಬ್ದವಿಲ್ಲ, ಮನುಷ್ಯರಿಲ್ಲ. ಈ ತುಣುಕುಗಳನ್ನು ಅಮೆರಿಕದ ಸೇನೆ ತನ್ನ ಪತ್ರಿಕಾಗೋಷ್ಠಿಯಲ್ಲಿ ತೋರಿಸುತ್ತಿತ್ತು, ಚಾನೆಲ್‌ಗಳು ಮತ್ತೆ ಮತ್ತೆ ಹಾಕುತ್ತಿದ್ದವು. ಎಲ್ಲ ಬಾಂಬೂ ಹೀಗೇ ಗುರಿ ನೋಡಿ ಬೀಳುತ್ತದೆ ಅಂತ ಜನ ನಂಬುವುದು ಸಹಜ ಅಲ್ವಾ? ಆದರೆ ಆ ಯುದ್ಧದಲ್ಲಿ ಹಾಕಿದ ಬಾಂಬುಗಳಲ್ಲಿ ಅಂಥವು ಹತ್ತಕ್ಕೆ ಒಂದೂ ಇರಲಿಲ್ಲ. ಉಳಿದವು ಮೇಲಿಂದ ಸುಮ್ನೆ ಬಿಡುವ ಹಳೇ ಬಗೆಯವು.

ಗುರಿ ತಪ್ಪದ ಬಾಂಬೂ ಜನರನ್ನು ಕೊಲ್ಲುತ್ತದೆ. ಫೆಬ್ರವರಿ 13ರಂದು ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಬಿದ್ದ ಎರಡೂ ಬಾಂಬು ಲೇಸರ್ ಬೆಳಕಿನ ಜಾಡು ಹಿಡಿದು ಗುರಿಗೇ ಬೀಳುವಂಥವು. ಒಳಗಿದ್ದ 400ಕ್ಕೂ ಹೆಚ್ಚು ನಾಗರಿಕರು ಸತ್ತರು, ಅವರಲ್ಲಿ ಬಹಳಷ್ಟು ಹೆಂಗಸರು, ಮಕ್ಕಳು. ಇದನ್ನು ಬರೆಯುವಾಗಲೂ ಕರುಳು ಚುರ್ ಅನ್ನುತ್ತದೆ.

ಪತ್ರಕರ್ತರೇ ಹೋಗಿ ತೋರಿಸಬಹುದಿತ್ತಲ್ಲ ಅಂತೀರಾ? ಅಮೆರಿಕನ್ ಪಡೆಗಳಿದ್ದ ಕಡೆ ಸಣ್ಣ ಗುಂಪುಗಳಾಗಿ, ಸೇನಾಧಿಕಾರಿಯ ಜೊತೆಗೇ ಹೋಗಬೇಕಿತ್ತು. ವರದಿಯನ್ನು ಸೇನೆ ಮೊದಲು ನೋಡುತ್ತಿತ್ತು. ಸತ್ತ ಅಮೆರಿಕನ್ ಸೈನಿಕರ ಶವಪೆಟ್ಟಿಗೆಗಳು ಅಮೆರಿಕದ ಡೋವರ್ ವಾಯುನೆಲೆಗೆ ಬಂದಿಳಿಯುವ ಫೋಟೋ ತೆಗೆಯುವುದಕ್ಕೂ ಅದೇ ವರ್ಷ ನಿಷೇಧ ಬಂತು. ಅದು ತೆರವಾಗಿದ್ದು 2009ರಲ್ಲಿ.