1988ರ ಕಪ್ ಯಾರದ್ದು ಅನ್ನೋದು ಆಮೇಲೆ, ಮೊದಲು ಮೈದಾನ ಯಾರ ಕೈಲಿತ್ತು ಕೇಳಿ

ಓದಲು ಲಂಡನ್ನಿಗೆ ಹೊರಟಿದ್ದೀರಿ. 1988ರ ಕಪ್ ಗೆದ್ದ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬಿನ ಕಥೆ ಕೇಳಿ ಅಭಿಮಾನಿಯಾಗುವ ಆಸೆ ಹುಟ್ಟಿದೆ. ಆ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಸಾಗಿಸಿದರು, ಅಲ್ಲಿ ಈಗಿರುವುದು ಎಂಕೆ ಡಾನ್ಸ್ ತಂಡ; ಲಂಡನ್ನಿನಲ್ಲುಳಿದ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಆದರೆ ಗೆಳೆಯರೊಬ್ಬರು "ಕಾನೂನಿನ ಪ್ರಕಾರ ಹಳೇ ಕ್ಲಬ್ ಅಂದ್ರೆ ಎಂಕೆ ಡಾನ್ಸ್, ಎಎಫ್‌ಸಿ ವಿಂಬಲ್ಡನ್ ಬರೀ ಅಭಿಮಾನಿಗಳು ಕಟ್ಟಿಕೊಂಡ ನಕಲು" ಅಂದಿದ್ದಾರೆ. ಯಾವುದು ಅಸಲಿ ಅಂತ ನಿಮ್ಮ ಪ್ರಶ್ನೆ. ಒಂದು ಕಾಲಕ್ಕೆ ನಾನೂ ಇದೇ ಗೊಂದಲದಲ್ಲಿದ್ದವನು, ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ: ನಿಮ್ಮ ಗೆಳೆಯರ ಮಾತು ಕಾನೂನಿನ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಹಳೇ ವಿಂಬಲ್ಡನ್ ಕಂಪನಿ 2003ರ ಜೂನ್‌ನಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2004ರಲ್ಲಿ ಮಿಲ್ಟನ್ ಕೀನ್ಸ್‌ನ ಉದ್ಯಮಿ ಪೀಟ್ ವಿಂಕಲ್‌ಮನ್ ಅವರ ಗುಂಪು ಹೊಸ ಕಂಪನಿಯ ಹೆಸರಲ್ಲಿ ಕೊಂಡಿದ್ದು ಆ ಕ್ಲಬ್ಬಿನ ಆಸ್ತಿಯನ್ನು. ಆಸ್ತಿ ಅಂದರೆ ಆಟಗಾರರ ಒಪ್ಪಂದಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಫುಟ್‌ಬಾಲ್ ಲೀಗಿನಲ್ಲಿ ಒಂದು ಜಾಗ. ಇಂಗ್ಲೆಂಡಿನಲ್ಲಿ ಲೀಗಿನ ಪ್ರತಿ ಕ್ಲಬ್ಬಿಗೂ ಲೀಗಿನದೇ ಒಂದು ಷೇರು ಇರುತ್ತದೆ. ಅದು ಇದ್ದರೆ ಆಡಬಹುದು, ಇಲ್ಲದಿದ್ದರೆ ಇಲ್ಲ. ಎಂಕೆ ಡಾನ್ಸ್‌ಗೆ ಸಿಕ್ಕಿದ್ದು ಆ ಷೇರು. ಹಳೇ ಕಂಪನಿ ಹಿಂದೆಯೇ ಉಳಿದು ಮುಚ್ಚಿಹೋಯಿತು. ಅಷ್ಟೇ ಅಲ್ಲ, ಎಂಕೆ ಡಾನ್ಸ್‌ನವರೇ ಇವತ್ತು ತಮ್ಮ ಕ್ಲಬ್ ಹುಟ್ಟಿದ್ದು 2004ರಲ್ಲಿ ಅನ್ನುತ್ತಾರೆ. ಹಳೇ ಕ್ಲಬ್ಬಿನ ಟ್ರೋಫಿಗಳ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟು, 2007ರಲ್ಲಿ ಅವನ್ನು ವಿಂಬಲ್ಡನ್ ಪ್ರದೇಶದ ಸ್ಥಳೀಯಾಡಳಿತವಾದ ಮರ್ಟನ್ ಕೌನ್ಸಿಲ್ಲಿಗೆ ಒಪ್ಪಿಸಿದರು. ಹಕ್ಕು ಕೇಳಬೇಕಾದವರೇ ಕೇಳದಿರುವಾಗ ಅವರ ಪರವಾಗಿ ನಿಮ್ಮ ಗೆಳೆಯರು ವಾದಿಸುವ ಅಗತ್ಯವಿಲ್ಲ.

ಆದರೂ ಅಸಲಿ ಯಾವುದು, ನಕಲಿ ಯಾವುದು ಎಂಬ ಪ್ರಶ್ನೆಯೇ ನನಗೆ ಮುಖ್ಯ ಅನ್ನಿಸುವುದಿಲ್ಲ. 113 ವರ್ಷ ಹಳೆಯ ಕ್ಲಬ್ಬೊಂದನ್ನು ಸುಮಾರು 90 ಕಿ.ಮೀ. ದೂರದ ಊರಿಗೆ ಸಾಗಿಸಬಹುದು ಎಂಬ ಸ್ಥಿತಿ ಬಂದದ್ದಾದರೂ ಹೇಗೆ? ಬಹಳಷ್ಟು ಜನ ಈ ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟ 2002ರ ತೀರ್ಪನ್ನು ಬೈಯುತ್ತಾರೆ. ನನ್ನ ಪ್ರಕಾರ ತಪ್ಪು ಆಗಿದ್ದು ಅದಕ್ಕಿಂತ ಹತ್ತು ಹನ್ನೆರಡು ವರ್ಷ ಮೊದಲು, ಒಂದು ಕ್ರಯಪತ್ರದ ಒಂದೇ ಒಂದು ಷರತ್ತನ್ನು ಬಿಟ್ಟುಕೊಟ್ಟಾಗ.

ಈ ಕ್ಲಬ್ ಶುರುವಾಗಿದ್ದು 1889ರಲ್ಲಿ, ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್ ಎಂಬ ಹೆಸರಲ್ಲಿ. ಶಾಲೆಯೊಂದರ ಹಳೇ ವಿದ್ಯಾರ್ಥಿಗಳ ತಂಡ. ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ ಆಟ, ಪಕ್ಕದ ಫಾಕ್ಸ್ ಅಂಡ್ ಗ್ರೇಪ್ಸ್ ಪಬ್ಬಿನಲ್ಲಿ ಬಟ್ಟೆ ಬದಲಾವಣೆ. 1912ರಲ್ಲಿ ಪ್ಲೌ ಲೇನ್ ಎಂಬ ಮೈದಾನಕ್ಕೆ ಬಂದು ನೆಲೆ ನಿಂತರು. 1963ರಲ್ಲಿ ಅಮೆಚೂರ್ ಕಪ್ ಗೆದ್ದಾಗ ಫೈನಲ್‌ನ ನಾಲ್ಕೂ ಗೋಲುಗಳನ್ನು ಎಡ್ಡಿ ರೆನಾಲ್ಡ್ಸ್ ತಲೆಯಲ್ಲೇ ಹೊಡೆದಿದ್ದ. 1975ರಲ್ಲಿ ಇನ್ನೂ ಲೀಗಿಗೇ ಸೇರದ ಈ ತಂಡ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್‌ಎ ನಡೆಸುವ ಎಫ್‌ಎ ಕಪ್‌ನಲ್ಲಿ ಮೊದಲ ಡಿವಿಷನ್ನಿನ ಬರ್ನ್‌ಲಿಯನ್ನು ಅದರ ಮನೆಯಲ್ಲೇ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಲೀಡ್ಸ್ ಮೈದಾನದಲ್ಲಿ ಗೋಲ್‌ಕೀಪರ್ ಡಿಕ್ಕಿ ಗೈ, ಪೀಟರ್ ಲೋರಿಮರ್‌ನ ಪೆನಾಲ್ಟಿ ತಡೆದು ಪಂದ್ಯ ಡ್ರಾ ಮಾಡಿಸಿದ. 1977ರಲ್ಲಿ ಲೀಗಿಗೆ ಪ್ರವೇಶ, 1986ರಲ್ಲಿ ಆಗ ಎಲ್ಲಕ್ಕಿಂತ ಮೇಲಿದ್ದ ಮೊದಲ ಡಿವಿಷನ್, 1988ರ ಮೇ 14ರಂದು ಲಿವರ್‌ಪೂಲ್ ವಿರುದ್ಧ 1-0 ಗೆಲುವು ಮತ್ತು ಎಫ್‌ಎ ಕಪ್. ಲಾರಿ ಸ್ಯಾಂಚೆಜ್‌ನ ಹೆಡರ್, ಡೇವ್ ಬೆಸಂಟ್ ತಡೆದ ಜಾನ್ ಆಲ್ಡ್ರಿಜ್‌ನ ಪೆನಾಲ್ಟಿ, ಇವನ್ನೆಲ್ಲ ನೀವು ಆಗಲೇ ವಿಡಿಯೊದಲ್ಲಿ ನೋಡಿರುತ್ತೀರಿ.

ಈಗ ಆ ಷರತ್ತು. 1959ರಲ್ಲಿ ಕ್ಲಬ್ಬಿನ ಅಂದಿನ ಅಧ್ಯಕ್ಷ ಸಿಡ್ನಿ ಬ್ಲ್ಯಾಕ್, ಪ್ಲೌ ಲೇನ್ ಜಾಗವನ್ನು ಸ್ಥಳೀಯ ಕೌನ್ಸಿಲ್ಲಿನಿಂದ 8,250 ಪೌಂಡಿಗೆ ಕೊಂಡು ಕ್ಲಬ್ಬಿಗೆ ಕೊಟ್ಟರು. ಕೌನ್ಸಿಲ್ ಪುಕ್ಕಟೆಯಾಗಿ ಕೈ ತೊಳೆದುಕೊಳ್ಳಲಿಲ್ಲ. ಈ ಜಾಗ ಕ್ರೀಡೆ, ಮನರಂಜನೆಗೇ ಬಳಕೆಯಾಗಬೇಕು. ಹಾಗಾಗದಿದ್ದರೆ ಹೆಚ್ಚುಕಡಿಮೆ ಮಾರಿದ ಬೆಲೆಗೇ, ಅಂದರೆ ಸುಮಾರು 8 ಸಾವಿರ ಪೌಂಡಿಗೆ, ವಾಪಸು ಕೊಳ್ಳುವ ಹಕ್ಕು ನಮಗಿದೆ ಎಂದು ಬರೆಸಿಕೊಂಡಿತು. ಬೆಲೆಯೇರಿಕೆಯ ಮಾತೇ ಅದರಲ್ಲಿಲ್ಲ.

ಈ ಒಂದು ಸಾಲು ಮಾಡುತ್ತಿದ್ದ ಕೆಲಸ ಏನು ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲಂಡನ್ನಿನೊಳಗೆ ಹಲವು ಎಕರೆ ಜಾಗ. ಮಾರುಕಟ್ಟೆ ಬೆಲೆ ಲಕ್ಷಗಳನ್ನು ದಾಟಿ ದಶಲಕ್ಷಗಳಿಗೆ ಹೋಗಿತ್ತು. ಆದರೆ ಯಾವ ಬಿಲ್ಡರ್ ಕೊಂಡರೂ ಅಪಾರ್ಟ್‌ಮೆಂಟಿಗೋ ಅಂಗಡಿಗೋ ಪಾಯ ತೋಡಿದ ದಿನವೇ ಕೌನ್ಸಿಲ್ 8 ಸಾವಿರ ಎಣಿಸಿಕೊಟ್ಟು ಜಾಗ ಕಿತ್ತುಕೊಳ್ಳಬಹುದು. ಆದ್ದರಿಂದ ಫುಟ್‌ಬಾಲ್ ಆಡುವವರನ್ನು ಬಿಟ್ಟು ಬೇರೆ ಯಾರಿಗೂ ಆ ನೆಲಕ್ಕೆ ಬೆಲೆಯೇ ಇರಲಿಲ್ಲ. ಯಾರೇ ಮಾಲೀಕ ಬರಲಿ, ಎಷ್ಟೇ ದುರಾಸೆಯವನಿರಲಿ, ಕ್ಲಬ್ಬನ್ನು ಎಬ್ಬಿಸಿ ನೆಲ ಮಾರಿ ಲಾಭ ಮಾಡುವ ದಾರಿ ಮುಚ್ಚಿತ್ತು. ಇಂಥ ಕಾವಲು ಇವತ್ತು ಯಾವ ಕ್ಲಬ್ಬಿಗಾದರೂ ಸಿಕ್ಕರೆ ಕಣ್ಣಿಗೊತ್ತಿಕೊಳ್ಳಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಇಂಥ ಷರತ್ತಿರುವ ಜಾಗವನ್ನು ಅಡವಿಟ್ಟುಕೊಂಡು ದೊಡ್ಡ ಸಾಲ ಯಾವ ಬ್ಯಾಂಕೂ ಸುಲಭಕ್ಕೆ ಕೊಡುವುದಿಲ್ಲ. ಹೊಸ ಸ್ಟ್ಯಾಂಡ್ ಕಟ್ಟಲು ದುಡ್ಡು ಬೇಕು, ದುಡ್ಡಿಗೆ ಷರತ್ತು ಅಡ್ಡಿ ಎಂಬ ವಾದ ಕೇಳಲು ಚೆನ್ನಾಗಿಯೇ ಇರುತ್ತದೆ. ಕೊನೆಗೆ 1990ರ ಸುಮಾರಿಗೆ ಕೌನ್ಸಿಲ್ ಕೆಲವು ಲಕ್ಷ ಪೌಂಡಿಗೆ ತನ್ನ ಹಕ್ಕನ್ನು ಅಂದಿನ ಮಾಲೀಕ ಸ್ಯಾಮ್ ಹಮ್ಮಾಮ್ ಅವರಿಗೆ ಬಿಟ್ಟುಕೊಟ್ಟಿತು. ಹೊಸ ಸ್ಟ್ಯಾಂಡ್ ಏಳಲಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ಜಾಗ ಸೇಫ್‌ವೇ ಎಂಬ ಸೂಪರ್‌ಮಾರ್ಕೆಟ್ ಕಂಪನಿಯ ಪಾಲಾಗಿತ್ತು. ಕೌನ್ಸಿಲ್ ಮಾಡಬಹುದಾಗಿದ್ದು ಬೇರೆ ಇತ್ತು: ಕಟ್ಟಡ ಪೂರ್ತಿಯಾದ ಮೇಲೆ ಷರತ್ತು ಸಡಿಲವಾಗುತ್ತದೆ, ಕಟ್ಟದಿದ್ದರೆ ಹಾಗೇ ಉಳಿಯುತ್ತದೆ ಎಂದು ಬರೆಯುವುದು. ಅಂಥ ಒಂದು ಸಾಲು ಸಾಕಿತ್ತು. ಯಾವ ಹಕ್ಕನ್ನೂ ಮಾತಿನ ಮೇಲೆ ಬಿಡಬಾರದು, ಆದ ಕೆಲಸದ ಮೇಲೆ ಬಿಡಬೇಕು.

ಮುಂದಿನದೆಲ್ಲ ಇಲ್ಲಿಂದ ಒಂದರ ಹಿಂದೆ ಒಂದು ಬಿದ್ದ ಪೆಟ್ಟು. 1989ರಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ ಅಭಿಮಾನಿಗಳು ಸತ್ತ ದುರಂತದ ನಂತರ ಅದರ ತನಿಖೆ ನಡೆಸಿದ ಟೇಲರ್ ವರದಿ ಬಂತು. ಮೇಲಿನ ಎರಡು ಡಿವಿಷನ್‌ಗಳ ಮೈದಾನಗಳಲ್ಲಿ 1994ರೊಳಗೆ ನಿಂತು ನೋಡುವ ಜಾಗ ಹೋಗಿ ಎಲ್ಲ ಕುರ್ಚಿಯಾಗಬೇಕು ಎಂಬ ನಿಯಮ ಆಯಿತು. ಪ್ಲೌ ಲೇನ್‌ನ ಬಹುಪಾಲು ನಿಂತು ನೋಡುವ ಮೆಟ್ಟಿಲು. "ತಾತ್ಕಾಲಿಕವಾಗಿ" ಎಂದು ಹೇಳಿ 1991ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎಂಬ ಇನ್ನೊಂದು ಲಂಡನ್ ಕ್ಲಬ್ಬಿನ ಮೈದಾನವಾದ ಸೆಲ್‌ಹರ್ಸ್ಟ್ ಪಾರ್ಕಿಗೆ ಬಾಡಿಗೆಗೆ ಹೋದರು. ತಾತ್ಕಾಲಿಕ 12 ವರ್ಷ ಎಳೆಯಿತು. ಊರ ಜಾತ್ರೆಯನ್ನು ಪಕ್ಕದೂರಿನ ಛತ್ರದಲ್ಲಿ ಬಾಡಿಗೆ ಕೊಟ್ಟು ನಡೆಸಿದ ಹಾಗೆ. ನಡುವೆ ಡಬ್ಲಿನ್‌ಗೆ ಹೋಗುವ ಮಾತೂ ಎದ್ದು ಬಿತ್ತು. 1997ರಲ್ಲಿ ಇಬ್ಬರು ನಾರ್ವೆ ಉದ್ಯಮಿಗಳು ಕ್ಲಬ್ ಕೊಂಡರು. 2000ದ ಮೇ 14ರಂದು, ಕಪ್ ಗೆದ್ದು ಸರಿಯಾಗಿ 12 ವರ್ಷಕ್ಕೆ, ಪ್ರೀಮಿಯರ್ ಲೀಗಿನಿಂದ ಕೆಳಗಿಳಿದರು. ಟಿವಿ ದುಡ್ಡು ಹೋಯಿತು, ಸಂಬಳದ ಹೊರೆ ಉಳಿಯಿತು. ಆಗ ಮಾಲೀಕರು ಲೆಕ್ಕ ಹಾಕಿದರೆ ಅವರ ಕೈಯಲ್ಲಿ ನೆಲ ಇಲ್ಲ, ಕಟ್ಟಡ ಇಲ್ಲ. ಇದ್ದ ಬೆಲೆಬಾಳುವ ವಸ್ತು ಒಂದೇ, ಲೀಗಿನ ಆ ಜಾಗ. ಹೊಸ ಮೈದಾನ ಕಟ್ಟಿಕೊಡುವ ಊರೊಂದು ಆ ಜಾಗಕ್ಕಾಗಿ ಕಾದಿತ್ತು. 2001ರ ಆಗಸ್ಟ್‌ನಲ್ಲಿ ಮಿಲ್ಟನ್ ಕೀನ್ಸ್‌ಗೆ ಹೋಗುವ ನಿರ್ಧಾರ ಹೊರಬಿತ್ತು.

2002ರ ಮೇ 28ರಂದು ಎಫ್‌ಎ ನೇಮಿಸಿದ ಮೂವರ ಆಯೋಗ 2-1ರಿಂದ ಒಪ್ಪಿಗೆ ಕೊಟ್ಟಿತು. ಕ್ಲಬ್ಬನ್ನು "ವಿಂಬಲ್ಡನ್ ಟೌನ್" ಎಂಬಂಥ ಹೆಸರಲ್ಲಿ ಬೂದಿಯಿಂದ ಎಬ್ಬಿಸಿ 113 ವರ್ಷ ಹಿಂದಿನ ಸ್ಥಿತಿಗೆ ಕೊಂಡೊಯ್ಯುವುದು ಫುಟ್‌ಬಾಲಿನ ವಿಶಾಲ ಹಿತಾಸಕ್ತಿಗೆ ತಕ್ಕುದಲ್ಲ ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಅಭಿಮಾನಿಗಳು ಮಾಡಿದ್ದು ಅದನ್ನೇ. ಎರಡೇ ದಿನಕ್ಕೆ, ಮೇ 30ರಂದು, ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಜೂನ್ 29ರಂದು ಅದೇ ವಿಂಬಲ್ಡನ್ ಕಾಮನ್‌ನಲ್ಲಿ ಆಟಗಾರರ ಆಯ್ಕೆ ಇಟ್ಟರೆ 230 ಜನ ಬಂದರು. ಜುಲೈನಲ್ಲಿ ಸಟನ್ ಯುನೈಟೆಡ್ ವಿರುದ್ಧ ಮೊದಲ ಸ್ನೇಹಪಂದ್ಯ, 4-0 ಸೋಲು, ನೋಡಲು ಬಂದವರು 4,657. ಆ ಋತುವಿನಲ್ಲಿ ಸೆಲ್‌ಹರ್ಸ್ಟ್‌ನಲ್ಲಿ ಹಳೇ ಕ್ಲಬ್ ರಾದರಮ್ ವಿರುದ್ಧ ಲೀಗ್ ಪಂದ್ಯ ಆಡಿದಾಗ ಇದ್ದವರು 849. ನಿಮ್ಮ ಗೆಳೆಯರಿಗೆ ಈ ಎರಡು ಅಂಕಿ ಸಾಕು.

ಆಮೇಲಿನ ಏರಿಕೆ ನಿಮಗೆ ಗೊತ್ತಿರಬಹುದು: 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗಿನಲ್ಲಿ 78 ಪಂದ್ಯ ಸೋಲಿಲ್ಲ, ಒಂಬತ್ತು ಋತುಗಳಲ್ಲಿ ಐದು ಬಡ್ತಿ, 2011ರಲ್ಲಿ ಲೂಟನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಫುಟ್‌ಬಾಲ್ ಲೀಗ್. ಎಡವಿದ್ದೂ ಉಂಟು. ವೇಲ್ಸ್‌ನ ಕಾರ್ಡಿಫ್ ಕ್ಲಬ್ಬಿನಿಂದ ಜರ್ಮೇನ್ ಡಾರ್ಲಿಂಗ್ಟನ್ ಎಂಬ ಆಟಗಾರನನ್ನು 2006ರಲ್ಲಿ ತಂದಾಗ, ವೇಲ್ಸ್ ಬೇರೆ ಸಂಘದ ವ್ಯಾಪ್ತಿ ಎಂಬುದು ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಂತಾರಾಷ್ಟ್ರೀಯ ವರ್ಗಾವಣೆಯ ಅನುಮತಿ ಪಡೆಯದೆ ಆಡಿಸಿದ್ದಕ್ಕೆ 18 ಅಂಕ ಕಡಿತವಾಯಿತು. ಗದ್ದಲವೆದ್ದ ಮೇಲೆ ಅದು 3ಕ್ಕೆ ಇಳಿಯಿತು. ಸ್ವಯಂಸೇವಕರು ನಡೆಸುವ ಕ್ಲಬ್ಬಿನಲ್ಲಿ ಕಾಗದಪತ್ರಕ್ಕೆ ಮಾತ್ರ ಸಂಬಳದ ಮನುಷ್ಯ ಬೇಕು ಅನ್ನುವವನು ನಾನು.

ಈ ಕ್ಲಬ್ಬನ್ನೂ ದೇವರ ಮನೆಯಲ್ಲಿ ಕೂರಿಸಬೇಡಿ. ಅವರು 2003ರಿಂದ ಹಿಡಿತಕ್ಕೆ ತೆಗೆದುಕೊಂಡ ಕಿಂಗ್ಸ್‌ಮೆಡೊ ಅದಕ್ಕೂ ಮೊದಲು ಕಿಂಗ್‌ಸ್ಟೋನಿಯನ್ ಎಂಬ ಇನ್ನೊಂದು ಹಳೇ ಕ್ಲಬ್ಬಿನ ಮನೆ. ಆ ಕ್ಲಬ್ ತನ್ನ ಮನೆಯಲ್ಲೇ ಬಾಡಿಗೆದಾರನಾಯಿತು. ತಮ್ಮ ಹೊಸ ಮೈದಾನದ ಖರ್ಚಿಗಾಗಿ ಎಎಫ್‌ಸಿಯವರು ಕಿಂಗ್ಸ್‌ಮೆಡೊವನ್ನು ಚೆಲ್ಸಿಗೆ ಮಾರಿದಾಗ, 2017ರಲ್ಲಿ ಕಿಂಗ್‌ಸ್ಟೋನಿಯನ್ ಊರು ಬಿಟ್ಟು ಬೇರೆಡೆ ಆಡಬೇಕಾಯಿತು. ಹಣದ ನೆರವು ಕೊಟ್ಟರು, ನಿಜ. ನೆಲ ಕಳೆದುಕೊಂಡ ನೋವು ತಿಂದವರೇ ಇನ್ನೊಬ್ಬರ ನೆಲ ಮಾರಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಆದರೆ 1959ರ ಪಾಠವನ್ನು ಅವರು ಮರೆತಿಲ್ಲ. ಕ್ಲಬ್ಬಿನ ನಿಯಂತ್ರಣ ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘದ ಕೈಯಲ್ಲಿದೆ. ದುಡ್ಡು ಎಷ್ಟೇ ಹಾಕಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಹೊಸ ಮೈದಾನ ಕಟ್ಟುತ್ತಿದ್ದಾಗ ಅರ್ಧದಲ್ಲಿ ಹಣ ಕಡಿಮೆ ಬಿತ್ತು. ಹೂಡಿಕೆದಾರರಿಗೆ ನಿಯಂತ್ರಣ ಬಿಟ್ಟುಕೊಡಬೇಕಾದೀತು ಎಂಬ ಮಾತು ಬಂದಾಗ ಅಭಿಮಾನಿಗಳು ಬಾಂಡ್ ಹೊರಡಿಸಿ 50 ಲಕ್ಷ ಪೌಂಡಿಗೂ ಹೆಚ್ಚು ಎತ್ತಿದರು. ಬಡ್ಡಿ ಸೊನ್ನೆಯಿಂದ ಶೇ 4ರವರೆಗೆ, ಎಷ್ಟು ಬೇಕೆಂದು ಕೊಟ್ಟವರೇ ಆರಿಸಿಕೊಳ್ಳಬಹುದಿತ್ತು. 2020ರ ನವೆಂಬರ್ 3ರಂದು, ಹಳೇ ಮೈದಾನದಿಂದ ಕೂಗಳತೆಯಲ್ಲಿ, ನಾಯಿ ಓಟದ ಸ್ಟೇಡಿಯಂ ಇದ್ದ ಜಾಗದಲ್ಲಿ ಹೊಸ ಪ್ಲೌ ಲೇನ್ ಶುರುವಾಯಿತು. ಕೋವಿಡ್ ಕಾರಣಕ್ಕೆ ಆ ದಿನ ಒಳಗೆ ಪ್ರೇಕ್ಷಕರೇ ಇಲ್ಲ.

ನಮ್ಮ ದೇಶದಲ್ಲೂ ಇದರ ನೆರಳು ನೋಡಿದ್ದೇವೆ. 1889ರಲ್ಲೇ ಹುಟ್ಟಿದ ಮೋಹನ್ ಬಾಗಾನ್‌ನ ಹೆಸರಿನ ಮುಂದೆ 2020ರಲ್ಲಿ "ಎಟಿಕೆ" ಎಂಬ ಇನ್ನೊಂದು ಕ್ಲಬ್ಬಿನ ಹೆಸರು ಅಂಟಿತು. ಅದನ್ನು ತೆಗೆಸಲು ಅಭಿಮಾನಿಗಳು 2023ರವರೆಗೆ ಕೂಗಬೇಕಾಯಿತು. ಅಲ್ಲಿ ಹೆಸರಷ್ಟೇ ಅಲುಗಿತು, ಮೈದಾನ ಕೋಲ್ಕತ್ತದಲ್ಲೇ ಇತ್ತು. ಹಾಗಾಗಿ ಸರಿಪಡಿಸಲು ಸಾಧ್ಯವಾಯಿತು.

ನಿಮ್ಮ ವಿಷಯಕ್ಕೆ ಬಂದರೆ, ಎರಡೂ ಕಡೆ ಒಂದೊಂದು ಪಂದ್ಯ ನೋಡಿ ತೀರ್ಮಾನಿಸುತ್ತೇನೆ ಅಂದಿದ್ದೀರಿ. ಬೇಡ. ನೀವಿರುವುದು ಲಂಡನ್ನಿನಲ್ಲಿ, ಮಿಲ್ಟನ್ ಕೀನ್ಸ್ ಬೇರೆಯೇ ಊರು, ಅದರ ಅಭಿಮಾನಿಗಳು ಆ ಊರಿನವರು. ಅಲ್ಲಿ ಇಪ್ಪತ್ತು ವರ್ಷದಿಂದ ಆ ತಂಡವನ್ನೇ ನೋಡಿ ಬೆಳೆದ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ 1988ರ ಕಥೆ ಕೇಳಿ ಬಂದವರು ಹೋಗಬೇಕಾದ್ದು ಪ್ಲೌ ಲೇನ್‌ಗೆ. ಹತ್ತಿರದ ರೈಲು ನಿಲ್ದಾಣ ಹೇಡನ್ಸ್ ರೋಡ್. ಟ್ಯೂಬ್ ಆದರೆ ಡಿಸ್ಟ್ರಿಕ್ಟ್ ಲೈನಿನ ವಿಂಬಲ್ಡನ್ ಪಾರ್ಕ್‌ನಲ್ಲಿ ಇಳಿದು ನಡೆಯಿರಿ. ಮೈದಾನ ಹಿಡಿಸುವುದು 9 ಸಾವಿರ ಚಿಲ್ಲರೆ ಜನ ಮಾತ್ರ, 2025ರ ಮೇನಲ್ಲಿ ವಾಲ್‌ಸಾಲ್ ವಿರುದ್ಧ ಗೆದ್ದು ಮೂರನೇ ಹಂತದ ಲೀಗ್ ಒನ್‌ಗೆ ಏರಿದ್ದರಿಂದ ದೊಡ್ಡ ಪಂದ್ಯಗಳ ಟಿಕೆಟನ್ನು ಮೊದಲೇ ತೆಗೆದುಕೊಳ್ಳಿ. ದಾರಿಯಲ್ಲಿ ಹಳೇ ಮೈದಾನದ ಜಾಗವನ್ನೂ ನೋಡಬಹುದು: ಸೂಪರ್‌ಮಾರ್ಕೆಟ್ ಕೊನೆಗೂ ಬರಲಿಲ್ಲ, ಈಗಿರುವುದು ಅಪಾರ್ಟ್‌ಮೆಂಟುಗಳು. ಅವಕ್ಕೆ ಇಟ್ಟ ಹೆಸರು ರೆನಾಲ್ಡ್ಸ್ ಗೇಟ್, ಅದೇ ಎಡ್ಡಿ ರೆನಾಲ್ಡ್ಸ್ ನೆನಪಿಗೆ. ಇನ್ನೊಂದು, ಒಳಗೆ ಕೂತಾಗ ಮಿಲ್ಟನ್ ಕೀನ್ಸ್ ತಂಡವನ್ನು "ಡಾನ್ಸ್" ಅನ್ನಬೇಡಿ, ಅದು ವಿಂಬಲ್ಡನ್ನಿನ ಅಡ್ಡಹೆಸರು. ಅಲ್ಲಿ ಆ ತಂಡವನ್ನು ಊರಿನ ಹೆಸರಿಂದಲೋ "ಫ್ರಾಂಚೈಸ್" ಎಂಬ ಕುಹಕದಿಂದಲೋ ಕರೆಯುತ್ತಾರೆ, ಅದೂ ಕರೆಯಲೇಬೇಕಾದಾಗ.